ಬಿಸಿ ತಾಗದ ಕೈ

ಆಂಟಿಯ ಅಂಗೈಗೆ ಬಿಸಿ ತಾಗುವುದಿಲ್ಲ. ಕುದಿಯುವ ಸಾರಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾರೆ. ಬೆರಳ ತುದಿಗಳು ಗೆರೆಗಳೇ ಅಳಿಸಿಹೋಗಿ ನುಣ್ಣಗಾಗಿವೆ. ಎಂಟನೇ ವಯಸ್ಸಿನಲ್ಲಿ ರಾಮನಗರದ ರೇಷ್ಮೆ ಘಟಕವೊಂದರಲ್ಲಿ ಕುದಿನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕಿದ ಗುರುತು ಅದು. ಒಬ್ಬ ಮೇಷ್ಟ್ರು ಬಿಡಿಸಿ ಶಾಲೆಗೆ ಸೇರಿಸಿದರಂತೆ.

ಈಗ ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಬೇರೆ ಬೇರೆ ದೇಶಗಳಲ್ಲಿ ದುಡಿಮೆಗೆ ಬಿದ್ದ ಮಕ್ಕಳನ್ನು ಬಿಡಿಸಿ ಓದಿಸುವ ಸಂಸ್ಥೆಯಲ್ಲಿ ಕೆಲಸ. "ಎಷ್ಟೋ ದೇಶದ ರಿಪೋರ್ಟ್ ಬರೆದಿದೀನಿ ಕಣೇ. ಆದ್ರೂ ಎಲ್ಲಿಗೇ ಹೋದ್ರೂ ನಾನು ಮೊದ್ಲು ನೋಡೋದು ಮಕ್ಕಳ ಕೈನ" ಎನ್ನುತ್ತಿರುತ್ತಾರೆ.

ಎರಡು ವರ್ಷದ ಹಿಂದೆ, ಜುಲೈನಲ್ಲಿ, ಕನ್ನಡದವರ ಪಿಕ್ನಿಕ್. ಹೊಸದಾಗಿ ಬಂದಿದ್ದ ಕುಟುಂಬದ ಜೊತೆ ಹನ್ನೆರಡರ ಹುಡುಗಿಯೊಬ್ಬಳಿದ್ದಳು. "ನಮ್ಮಕ್ಕನ ಮಗಳು" ಎಂದ ಮನೆಯ ಯಜಮಾನ. ಅವಳು ಎಲ್ಲರಿಗೂ ಬಡಿಸಿದಳು, ತಟ್ಟೆ ಎತ್ತಿದಳು, ಸೊಗಸಾದ ಕನ್ನಡ ಮಾತಾಡಿದಳು.

"ನನ್ ಮಗ ನೀರು ಕೊಡೋ ಅಂದ್ರೆ 'ವಾಟ್?' ಅಂತಾನೆ. ಇವಳನ್ನ ನೋಡಿ ಕಲೀಬೇಕು!" ಎಂದು ಹೊಗಳಿದವಳು ನಾನೇ.

ಆಂಟಿ ಅವಳ ಕೈ ಹಿಡಿದು ನೋಡಿದರು. ಸೋಪಿನ ನೀರಿಗೆ ಬಿರಿದ ಕೈ.

"ಊಟ ಆಯ್ತಾ ಪುಟ್ಟಾ?"

"ಅಮ್ಮೋರ್ದು ಆಗ್ಲಿ."

ಅವಳು ತೋರಿಸಿದ್ದು ಯಜಮಾನನ ಹೆಂಡತಿಯನ್ನು. ಅತ್ತೆ ಎನ್ನಬೇಕಾದವಳು ಅಮ್ಮೋರು ಎಂದಿದ್ದಳು. ಆಂಟಿ ನನಗೆ ಮೆಲ್ಲಗೆ, "ಪೊಲೀಸ್‌ಗೆ ಕಾಲ್ ಮಾಡು" ಎಂದರು.

ಯಜಮಾನನಿಗೆ ವಾಸನೆ ಹತ್ತಿತು. ಹುಡುಗಿಯನ್ನು ಎಳೆದು ಕಾರಿಗೆ ತಳ್ಳಿ ಎಂಜಿನ್ ಶುರು ಮಾಡಿದ. ಆಂಟಿ ಕಾರಿನ ಮುಂದೆ ಹೋಗಿ ನಿಂತು ಬಾನೆಟ್ ಮೇಲೆ ಅಂಗೈ ಊರಿದರು.

"ಪಕ್ಕಕ್ಕೆ ಹೋಗ್ರೀ! ಇದು ನಮ್ಮನೆ ವಿಷ್ಯ!"

"ಅವಳನ್ನ ಇಳಿಸಿ. ನಾನೂ ಹೋಗ್ತೀನಿ."

ಕಾರು ಜಿಗಿದು ಅವರ ಮೊಣಕಾಲಿಗೆ ತಾಗಿತು. ಆಂಟಿ ಅರ್ಧ ಹೆಜ್ಜೆ ಹಿಂದೆ ಸರಿದರು; ಕೈ ತೆಗೆಯಲಿಲ್ಲ. ಮತ್ತೊಮ್ಮೆ ಜಿಗಿಯಿತು. ಫೋನಿನಲ್ಲಿ ಪಾರ್ಕಿನ ಹೆಸರನ್ನು ನಾನು ಎರಡು ಸಲ ತಪ್ಪು ಹೇಳಿ, ಮೂರನೇ ಸಲಕ್ಕೆ ಸರಿಯಾಗಿ ಹೇಳಿದೆ. ಇವತ್ತಿಗೂ ಬೆನ್ನ ಹಿಂದೆ ಯಾವ ಕಾರು ಶುರುವಾದರೂ ನನ್ನ ಕಾಲು ನಿಂತುಬಿಡುತ್ತದೆ.

ಆಗ, ಸಾಲಿನಲ್ಲಿ ತಟ್ಟೆ ಹಿಡಿದಿದ್ದವರು ಒಬ್ಬೊಬ್ಬರಾಗಿ ಬಂದು ಆಂಟಿಯ ಪಕ್ಕ ನಿಂತರು. ಕೊನೆಗೆ ನಾನೂ. ಪೊಲೀಸರು ಬರುವವರೆಗೆ ಯಾರೂ ಕದಲಲಿಲ್ಲ.

ಹುಡುಗಿ ಇಳಿದ ಮೇಲೆ ನೋಡಿದರೆ ಆಂಟಿಯ ಅಂಗೈ ತುಂಬ ಬೊಬ್ಬೆ. ಜುಲೈ ಬಿಸಿಲಿಗೆ ಕಾದ ಬಾನೆಟ್. "ರೇಷ್ಮೆ ಸಾಹುಕಾರ ಕೊಟ್ಟಿದ್ದು ಇವತ್ತು ಉಪಯೋಗಕ್ಕೆ ಬಂತು ನೋಡು!" ಎಂದು ನಕ್ಕರು.

ಈ ಸಲದ ಪಿಕ್ನಿಕ್ಕಿಗೆ ಆ ಹುಡುಗಿ ಈಗ ತನ್ನನ್ನು ಸಾಕುತ್ತಿರುವ ಮನೆಯವರೊಡನೆ ಬಂದಳು. ಮಕ್ಕಳ ಸಾಲಿನಲ್ಲಿ ನುಗ್ಗಿ ಮೊದಲು ಬಡಿಸಿಕೊಂಡಳು. ಅರ್ಧ ತಿಂದು, ತಟ್ಟೆಯನ್ನು ಬೆಂಚಿನ ಮೇಲೇ ಬಿಟ್ಟು ಫ್ರಿಸ್ಬೀ ಆಡಲು ಓಡಿದಳು. "ಏಯ್, ತಟ್ಟೆ!" ಎಂದು ಕೂಗಲು ನಾನು ಬಾಯಿ ತೆರೆದೆ.

"ಸುಮ್ನಿರೇ" ಎಂದರು ಆಂಟಿ. ಕಣ್ಣು ಒದ್ದೆಯಾಗಿತ್ತು. ಆ ಎಂಜಲು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗೆದ್ದ ಕಪ್ಪಿನ ಹಾಗೆ ಎಲ್ಲರ ನಡುವೆ ನಡೆದುಹೋದರು.