ಮಳೆಗಾಗಿ ಮಾಡಿದ ಮದುವೆ

ಆಗೆಲ್ಲ ನಮ್ಮ ಗೊಳಸಂಗಿಯಲ್ಲಿ ಮಳೆ ತಡವಾದರೆ ಇಬ್ಬರು ಹುಡುಗಿಯರಿಗೆ ಮದುವೆ ಮಾಡುತ್ತಿದ್ದರು. ಒಬ್ಬಳು ಮದುಮಗ, ಇನ್ನೊಬ್ಬಳು ಮದುಮಗಳು. ಮದುವೆ ಸುಳ್ಳಾದರೂ ಮನೆಮನೆಯ ಗೋಧಿ, ಬೆಲ್ಲ ಕೂಡಿಸಿ ಮಾಡುತ್ತಿದ್ದ ಮಾದಲಿ ಸುಳ್ಳಲ್ಲ. ನನ್ನ ಹತ್ತನೆಯ ವರ್ಷದಲ್ಲಿ ಮದುಮಗನಾಗುವ ಸರದಿ ನನಗೆ ಬಂತು. ಎತ್ತರವಿದ್ದೆ, ಗಂಡುಬೀರಿ ಎಂಬ ಹೆಸರೂ ಇತ್ತು. ಮದುಮಗಳು ಪಕ್ಕದ ಮನೆಯ ನೀಲವ್ವ, ಆಣಿಕಲ್ಲಿನಾಟದಲ್ಲಿ ನನ್ನ ಜೊತೆಗಾತಿ.

ತಂಬಾಕು ನಾರುವ ಅಪ್ಪನ ರುಮಾಲನ್ನು ತಲೆಗೆ ಸುತ್ತಿದರು. ನಾನಂತೂ ಹಿಗ್ಗಿ ಹೀರೇಕಾಯಿ. ಅರಿಶಿನ ಕೊಂಬಿನ ದಾರವನ್ನು ನೀಲವ್ವನ ಕೊರಳಿಗೆ ಕಟ್ಟಿದಾಗ ಊರಿಗೆ ಊರೇ ಅಕ್ಕಿಕಾಳು ಹಾಕಿ ಹರಸಿತು. ಮೂರನೆಯ ದಿನ ಮಳೆ ಬಂತು.

"ಜೋಡಿ ಭಾಳ ಛಲೋ ಐತಿ" ಎಂದು ಓಣಿಯ ಹೆಂಗಸರು ನಕ್ಕರು.

ಮಳೆ ಬಂದ ಮೇಲೆ ದಾರ ಬಿಚ್ಚಿ ಹಳ್ಳಕ್ಕೆ ಬಿಡುವುದು ವಾಡಿಕೆ. ನೀಲವ್ವ ಕೊರಳು ಮುಚ್ಚಿಕೊಂಡು ನಿಂತಳು.

"ನಾ ಬಿಚ್ಚಂಗಿಲ್ಲ. ನನಗ ಇಕಿ ಸಂಗಾಟನ ಇರೂದೈತಿ."

"ನನಗೂ ಅಷ್ಟ" ಅಂದೆ ನಾನು.

ನಗು ನಿಂತಿತು. ನನ್ನವ್ವ ನನ್ನ ಬೆನ್ನಿಗೆ ಎರಡು ಬಿಗಿದು, ಈಳಿಗೆ ತಂದು ಆ ದಾರ ಕೊಯ್ದಳು.

"ಮಂದಿ ಏನಂದಾರು? ಇನ್ನೊಮ್ಮಿ ಈ ಮಾತ ಆಡಿದ್ರ ನಾಲಿಗಿಗೆ ಬರಿ ಎಳೀತೇನಿ ನೋಡು!"

ಅಲ್ಲಿಗೆ ಆಣಿಕಲ್ಲೂ ಮುಗಿಯಿತು. ಮುಂದೆ ನೀಲವ್ವನನ್ನು ಹೊರ್ತಿ ಎಂಬ ಊರಿಗೆ ಮದುವೆ ಮಾಡಿಕೊಟ್ಟರು. ನಾನು ಮದುವೆಯಾಗಲಿಲ್ಲ. ಕೇಳಿದವರಿಗೆ ಜಾತಕದ ನೆಪ ಹೇಳುತ್ತಾ ಬಂದೆ.

ಈಗ ವಿಜಯಪುರದ ಕಾಲೇಜಿನಲ್ಲಿ ಓದುವ ತಮ್ಮನ ಮಗಳು ಸಹನಾ, ತನಗೆ ಹುಡುಗಿಯರೇ ಇಷ್ಟ ಎಂದು ಅಪ್ಪನೆದುರೇ ಹೇಳಿದ್ದಾಳೆ. ಗೆಳತಿಯರೊಂದಿಗೆ ಬಣ್ಣಬಣ್ಣದ ಬಾವುಟ ಹಿಡಿದು ಮೆರವಣಿಗೆಗೆ ಹೋಗುತ್ತಾಳೆ. ಬೈಸಿಕೊಂಡರೂ ಮಾತು ಬದಲಿಸಿಲ್ಲ. ಅವಳನ್ನು ಕಂಡರೆ ನನಗೆ ಹೆಮ್ಮೆ. ಸುಳ್ಳೇಕೆ, ಹೊಟ್ಟೆಕಿಚ್ಚೂ ಹೌದು.

"ಅತ್ತಿ, ನಿಮ್ಮ ಕಾಲಕ್ಕ ನಮ್ಮಂಥವರು ಇರಲಿಲ್ಲೇನು?" ಎಂದು ಒಮ್ಮೆ ಕೇಳಿದಳು.

"ಇದ್ರವಾ. ಒಂದ್ಸಲ ಬಾಯಿಬಿಟ್ಟು ಹೇಳಿದ್ರು. ಆಮ್ಯಾಲ ಅಂಜಿದ್ರು."

ಕಳೆದ ಚಳಿಗಾಲದಲ್ಲಿ ನೀಲವ್ವ ತೀರಿಕೊಂಡಳು. ಸುದ್ದಿ ತಿಳಿದು ಹೊರ್ತಿಗೆ ಓಡಿದೆ. ಬಾಗಿಲಲ್ಲೇ ಅವಳ ಸೊಸೆ ತಡೆದು ಕೇಳಿದಳು.

"ನೀವು ಯಾರಾಗಬೇಕ್ರಿ?"

ಹತ್ತು ವರ್ಷದವಳಾಗಿದ್ದಾಗ ಇಡೀ ಓಣಿಯ ಮುಂದೆ ಆಡಿದ ಮಾತು ಅರವತ್ತು ದಾಟಿದವಳ ಬಾಯಿಗೆ ಬರಲಿಲ್ಲ. ಸಹನಾ ಆಗಿದ್ದರೆ ಹೇಳುತ್ತಿದ್ದಳು.

"ಯಾರೂ ಅಲ್ರಿ. ತವರಿನ ಓಣಿಯಾಕಿ" ಅಂದೆ.

ಸೊಸೆ ಹೆಂಗಸರ ಸಾಲಿನ ಕೊನೆಯಲ್ಲಿ ಜಾಗ ತೋರಿಸಿದಳು. ಅಲ್ಲಿಂದ ನೀಲವ್ವನ ಮುಖ ಕಾಣುತ್ತಿರಲಿಲ್ಲ.