ಅತ್ತೆ ಪಳಗಿಸಿದ ಸೀಟು

ಮುಖ ನೋಡಿ ಮಣೆ ಹಾಕುವುದು ಲೋಕರೂಢಿ. ಸೀಟಕ್ಕ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸೈಕಲ್ಲಿಗೆ ಚರ್ಮದ ಸೀಟು ಬೇಕೆಂದು ಅಂಗಡಿಗೆ ಬಂದವರು ವಕೀಲರಾಗಿರಲಿ, ಪೇಪರ್ ಹಾಕುವವರಾಗಿರಲಿ, ಮೊದಲು ಅವರನ್ನು ಒಂದು ಗಿಡ್ಡ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಬೆಂಚಿನ ಮೇಲೊಂದು ದಪ್ಪ ರಟ್ಟು. "ಹಿಮ್ಮಡಿ ಎತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಹ್ಞಾ, ಈಗ ಏಳಿ" ಎನ್ನುತ್ತಿದ್ದಳು. ಎದ್ದ ಮೇಲೆ ನೋಡಿದರೆ ರಟ್ಟಿನಲ್ಲಿ ಎರಡು ಸಣ್ಣ ತಗ್ಗು. ಕೂರುವ ಮೂಳೆಗಳ ಗುರುತು ಅದು. ಅವುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು, ಅದಕ್ಕೆ ಎರಡು ಬೆರಳು ಸೇರಿಸಿ, ಗೋಡೆಗೆ ತೂಗುಹಾಕಿದ ಸೀಟುಗಳಲ್ಲಿ ಒಂದನ್ನು ಇಳಿಸುತ್ತಿದ್ದಳು. ವಕೀಲರಿಗೆ ಎಷ್ಟೇ ನಾಚಿಕೆಯಾದರೂ ಈ ಪರೀಕ್ಷೆ ತಪ್ಪುತ್ತಿರಲಿಲ್ಲ.

"ಕಲ್ಲಿದ್ದ ಹಾಗಿದೆಯಲ್ಲಮ್ಮ" ಎಂದು ಗೊಣಗದ ಗಿರಾಕಿ ಇಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡುವರು, ಮುಖ ಕಿವುಚುವರು. ಸೀಟಕ್ಕನ ಉತ್ತರ ಸಿದ್ಧವಾಗಿರುತ್ತಿತ್ತು.

"ಮೆತ್ತಗಿರೋದು ಬೇಕಾದ್ರೆ ಸೋಫಾ ತಗೊಳ್ಳಿ. ಆದ್ರೆ ಸೋಫಾ ತುಳ್ಕೊಂಡು ಯಾರೂ ಕೆಲಸಕ್ಕೆ ಹೋಗಿದ್ದು ನಾನು ನೋಡಿಲ್ಲ."

ಆಮೇಲೆ ಸಮಾಧಾನವಾಗಿ ವಿವರಿಸುತ್ತಿದ್ದಳು. ಸ್ಪಂಜಿನ ಸೀಟು ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಮೂಳೆ ಅದರೊಳಗೆ ಹೂತುಹೋಗಿ, ಒತ್ತಬಾರದ ಜಾಗದಲ್ಲೆಲ್ಲ ಸ್ಪಂಜು ಒತ್ತತೊಡಗುತ್ತದೆ. ಗಟ್ಟಿ ಚರ್ಮ ಹಾಗಲ್ಲ. ಅದು ಮೈಭಾರವನ್ನು ಎರಡೇ ಮೂಳೆಗಳ ಮೇಲೆ ನಿಲ್ಲಿಸುತ್ತದೆ, ದಿನ ಕಳೆದಂತೆ ಆ ಎರಡು ಕಡೆ ಮಾತ್ರ ಕೂದಲೆಳೆಯಷ್ಟು ಬಗ್ಗುತ್ತದೆ. ಸಾವಿರ ಕಿಲೋಮೀಟರ್ ಓಡುವ ಹೊತ್ತಿಗೆ ಸೀಟು ಸವಾರನನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ.

ಕೊಂಡವರನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಮೇಣ ಹಚ್ಚಬೇಕು, ಮೇಲೆ ತೆಳ್ಳಗೆ, ಅಡಿಯಲ್ಲಿ ತುಸು ಧಾರಾಳವಾಗಿ. ಬೇಗ ಮೆತ್ತಗಾಗಲಿ ಎಂದು ಎಣ್ಣೆ ಕುಡಿಸಿದರೆ ಚರ್ಮ ಜೋಲುಬೀಳುತ್ತದೆ. ಮಳೆಯಲ್ಲಿ ನೆನೆದರೆ ಒರೆಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತದೆ, ಒದ್ದೆ ಸೀಟಿನ ಮೇಲೆ ಕೂತು ತುಳಿದರೆ ಜಗ್ಗುತ್ತದೆ. ಸೀಟಿನ ಮುಂದಿನ ಚೂಪು ಮೂತಿಯ ಅಡಿಯಲ್ಲಿ ಚರ್ಮವನ್ನು ಬಿಗಿಯುವ ಬೋಲ್ಟು ಇದೆಯಲ್ಲ, ಅದರ ತಂಟೆಗೆ ಹೋಗುವುದು ಚರ್ಮ ಸಡಿಲವಾದಾಗ ಮಾತ್ರ, ಅದೂ ಕಾಲು ಸುತ್ತು. "ಇದೇನು ಗಡಿಯಾರ ಅಲ್ಲ, ದಿನಾ ಕೀ ಕೊಡೋಕೆ" ಎಂದು ಗದರಿಸಿ, ಕೈ ಸುಮ್ಮನಿರದವರಿಂದ ಸ್ಪ್ಯಾನರ್ ಕಿತ್ತುಕೊಂಡದ್ದೂ ಉಂಟು.

ಇಷ್ಟನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಚರ್ಮದ ಚೀಲ ಹೊಲಿಯುತ್ತಿದ್ದ. ಹತ್ತನೇ ವಯಸ್ಸಿಗೇ ಅವಳ ಹೊಲಿಗೆ ಅಪ್ಪನದಕ್ಕಿಂತ ನೇರವಾಗಿತ್ತು. ಇದನ್ನು ಅಪ್ಪನೂ ಒಪ್ಪಿದ್ದ, ಆದರೆ ಗಿರಾಕಿಗಳ ಮುಂದಲ್ಲ. ಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಮುಟ್ಟಿಸುವ ಕೆಲಸವೂ ಅವಳ ಪಾಲಿಗೆ ಬಂತು. ಒಂದು ದಿನ ಸೈಕಲ್ಲಿನ ಸೀಟು ಹರಿದಾಗ, ಚೀಲದ ದಪ್ಪ ತೊಗಲನ್ನೇ ನೀರಲ್ಲಿ ನೆನೆಸಿ, ಮರದ ಅಚ್ಚಿನ ಮೇಲೆ ಬಿಗಿದು, ಮೂರು ದಿನ ಒಣಗಿಸಿ, ರಿವೆಟ್ಟು ಹೊಡೆದಳು. ಮೊದಲನೆಯದು ದೋಣಿಯಾಯಿತು. ಎರಡನೆಯದು ದೋಣಿಗಿಂತ ವಾಸಿ. ಏಳನೆಯದರ ಮೇಲೆ ಕೂತು ಊರೆಲ್ಲ ಸುತ್ತಿ ಬಂದು, "ಅಪ್ಪ, ಇನ್ಮೇಲೆ ನಾನು ಚೀಲ ಹೊಲಿಯಲ್ಲ" ಎಂದಳು. ಮುಂದೆ ಮದುವೆಯಾಗಿ, ಮಗ ಹುಟ್ಟಿ, ಮೆಟ್ಟಿಲ ಕೆಳಗಿನ ಕೋಣೆ ಅಂಗಡಿಯಾಗಿ, ಅವಳ ಸ್ವಂತ ಹೆಸರು ಕಾಗದಪತ್ರಗಳಲ್ಲಷ್ಟೇ ಉಳಿಯಿತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಗಂಡ ಮಾತ್ರ ಇಂದಿಗೂ ಸ್ಪಂಜಿನ ಸೀಟಿನ ಮೇಲೇ ಕೂತು ಓಡಾಡುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಅವಳು ಅವರ ಆಸೆಯನ್ನೇ ಬಿಟ್ಟಿದ್ದಳು.

ಅವಳ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಒಬ್ಬರು ಕೂತು ಪಳಗಿಸಿದ ಸೀಟನ್ನು ಇನ್ನೊಬ್ಬರಿಗೆ ಹಾಕಿಕೊಡುವುದಿಲ್ಲ. ಒಮ್ಮೆ ಒಬ್ಬರು ತಮ್ಮ ಅಣ್ಣನ ಹಳೆಯ ಸೀಟು ತಂದು, ಬೆಣ್ಣೆಯ ಹಾಗಿದೆ, ತಮ್ಮ ಸೈಕಲ್ಲಿಗೆ ಕೂರಿಸಿಕೊಡಿ ಎಂದಿದ್ದರು. "ನಿಮ್ಮಣ್ಣನ ಕನ್ನಡಕ ಹಾಕ್ಕೊಂಡು ರಸ್ತೆ ದಾಟ್ತೀರಾ?" ಎಂದು ಕೇಳಿ ವಾಪಸ್ ಕಳಿಸಿದ್ದಳು.

ಅವಳದೇ ಸೀಟು ಹತ್ತೊಂಬತ್ತು ವರ್ಷ ಹಳೆಯದು. ಹುಣಸೆ ಬೀಜದ ಬಣ್ಣಕ್ಕೆ ತಿರುಗಿ, ಹಾಗೇ ಹೊಳೆಯುತ್ತಿತ್ತು. ಚಿಕ್ಕವಳಿದ್ದಾಗ ಕಾಲು ಮುರಿದುಕೊಂಡದ್ದರಿಂದ ಅವಳು ತುಸು ಎಡಕ್ಕೆ ವಾಲಿ ಕೂರುತ್ತಿದ್ದಳು, ಹಾಗಾಗಿ ಸೀಟಿನ ಎಡಗಡೆಯ ತಗ್ಗು ಬಲಗಡೆಯದಕ್ಕಿಂತ ಆಳ. ಮಂಡಿ ಕೈಕೊಟ್ಟು ಸೈಕಲ್ ತುಳಿಯುವುದು ನಿಂತ ಮೇಲೂ ತಿಂಗಳು ತಪ್ಪದೆ ಅದಕ್ಕೆ ಮೇಣ ಹಚ್ಚುತ್ತಿದ್ದಳು. ಎಷ್ಟೋ ಜನ ಕೇಳಿದ್ದರು, ಯಾರಿಗೂ ಕೊಟ್ಟಿರಲಿಲ್ಲ.

ಸೊಸೆ ಬಂದು ಎರಡು ವರ್ಷವಾಗಿತ್ತು. ನರ್ಸು. ಒಳ್ಳೆಯ ಹುಡುಗಿ, ಆದರೆ ಅತ್ತೆ ಎಂದರೆ ಅತಿ ಮರ್ಯಾದೆ. ಉಪ್ಪು ಜಾಸ್ತಿಯಾದರೂ ಚೆನ್ನಾಗಿದೆ, ಫ್ಯಾನು ಕೆಟ್ಟರೂ ತಂಪಾಗಿದೆ. ಆ ಮರ್ಯಾದೆಯ ಗೋಡೆ ಹತ್ತಿ ಆಚೆಗೆ ಹೋಗುವುದು ಹೇಗೆಂದು ಸೀಟಕ್ಕನಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಸೊಸೆಗೆ ಅವಳು ಬಯಸಿದ್ದ ಕೆಲಸ ಸಿಕ್ಕಿತು. ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳ ಮನೆಗಳಿಗೆ ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ಹೋಗಿ, ಗಾಯ ತೊಳೆದು ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ಕೆಲಸ. ದಿನಕ್ಕೆ ಹದಿನಾಲ್ಕು ಮನೆ, ಮೂವತ್ತೈದು ಕಿಲೋಮೀಟರ್. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು.

ಮೊದಲ ದಿನ ಬೆಳಗ್ಗೆ ಸೀಟಕ್ಕ ಸ್ಪ್ಯಾನರ್ ಹಿಡಿದು ಬಂದು, ಸೊಸೆಯ ಸೈಕಲ್ಲಿನ ಸೀಟು ಬಿಚ್ಚಿ, ತನ್ನದನ್ನು ಕೂರಿಸಿದಳು.

"ಅತ್ತೆ, ನಿಮ್ಮ ಸೀಟು ನನಗ್ಯಾಕೆ?"

"ಯಾರಿಗಾದ್ರೂ ಕೊಟ್ಟಿದೀನಾ ಇದುವರೆಗೆ? ನಿನಗೆ ಕೊಡ್ತಿದೀನಿ. ಸುಮ್ನೆ ಕೂತು ಹೋಗು."

ಊರಿಗೆಲ್ಲ ರಟ್ಟು ಹಾಸಿದವಳಿಗೆ ಆ ದಿನ ರಟ್ಟು ನೆನಪಾಗಲಿಲ್ಲ. ಪ್ರೀತಿ ಉಕ್ಕಿದಾಗ ಸ್ಕೇಲು ಯಾರ ಕೈಗೂ ಸಿಗುವುದಿಲ್ಲ. ಸೊಸೆ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತ ಸೀಟಕ್ಕನಿಗೆ ತಾನೇ ಸೈಕಲ್ ಹತ್ತಿದಷ್ಟು ಹಿಗ್ಗು.

ಎರಡು ತಿಂಗಳು ಕಳೆದವು. ಸೀಟು ಹೇಗಿದೆ ಎಂದರೆ, "ಚೆನ್ನಾಗಿದೆ ಅತ್ತೆ." ಊಟಕ್ಕೆ ಕರೆದರೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದಳು. ಕುರ್ಚಿ ಎಳೆದು ಕೊಟ್ಟರೂ, "ಪರವಾಗಿಲ್ಲ ಅತ್ತೆ." ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರ ಮುಂದೆ ಸೀಟಕ್ಕ ಇದನ್ನು ಹೇಳಿಕೊಂಡು ಬೀಗುತ್ತಿದ್ದಳು. "ನನ್ನ ಸೊಸೆ ನನ್ನೆದುರು ಕೂರೋದೇ ಇಲ್ಲ ನೋಡಿ. ಈ ಕಾಲದಲ್ಲಿ ಯಾರಿಗೆ ಸಿಗುತ್ತೆ ಇಂಥ ಮರ್ಯಾದೆ?"

ಹಿಂದಿನ ತಿಂಗಳು ಸೊಸೆಯೇ ಮೇಣ ಹಚ್ಚಿಕೊಂಡಿದ್ದಳು. ಈ ಸಲ ಒಂದು ಭಾನುವಾರ ಬೆಳಗ್ಗೆ ಸೀಟಕ್ಕ ತಾನೇ ಹಚ್ಚಲೆಂದು ಆ ಸೀಟನ್ನು ಬಿಚ್ಚಿ ಅಂಗಡಿಯ ಕಿಟಕಿಯ ಬೆಳಕಿಗೆ ಹಿಡಿದಳು. ತಾನು ಹತ್ತೊಂಬತ್ತು ವರ್ಷ ಕೂತು ಮಾಡಿದ ಎರಡೂ ತಗ್ಗುಗಳಲ್ಲಿ ತೆಳ್ಳಗೆ ಧೂಳು ಕೂತಿತ್ತು. ಹೊಸ ಉಜ್ಜುಗುರುತು ಇದ್ದದ್ದು ತಗ್ಗುಗಳ ನಡುವಿನ ದಿಣ್ಣೆಯ ಮೇಲೆ, ಬಲಗಡೆಯ ಅಂಚಿನಲ್ಲಿ, ಮತ್ತೆ ಮೂತಿಯ ತುದಿಯಲ್ಲಿ. ಇದನ್ನು ಓದಲು ಅವಳಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಈ ಸೀಟಿನ ಮೇಲೆ ಓಡಾಡಿದವಳು ಒಂದು ದಿನವೂ ಸರಿಯಾಗಿ ಕೂತಿಲ್ಲ. ಎಡಗಡೆಯ ಆಳ ಅವಳನ್ನು ಎಳೆಯುತ್ತಿದೆ, ಅವಳು ಬಲಗಡೆಯ ಅಂಚಿಗೆ ಜರುಗುತ್ತಿದ್ದಾಳೆ, ಅಲ್ಲಿ ತಡೆಯಲಾಗದೆ ಮೂತಿಗೆ ಬರುತ್ತಿದ್ದಾಳೆ. ಬೇರೆ ಗಿರಾಕಿಯ ಸೀಟಾಗಿದ್ದರೆ, ಯಾವ ಮೂರ್ಖ ನಿಮಗಿದನ್ನು ಕೊಟ್ಟಿದ್ದು ಎಂದು ಕೇಳಿಬಿಡುತ್ತಿದ್ದಳು.

ಕಟ್ಟೆಗೆ ಒರಗಿ ನಿಂತು ಉಣ್ಣುವ ಸೊಸೆ ಆಗ ಕಣ್ಣ ಮುಂದೆ ಬಂದಳು. ಅದು ಮರ್ಯಾದೆಯಾಗಿರಲಿಲ್ಲ, ನೋವಾಗಿತ್ತು. ಸೀಟಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸೊಸೆಯನ್ನು ಅಂಗಡಿಗೆ ಕರೆದಳು. ಬೆಂಚಿನ ಮೇಲೆ ಹೊಸ ರಟ್ಟು ಹಾಕಿದಳು.

"ಕೂತ್ಕೋ."

"ಪರವಾಗಿಲ್ಲ ಅತ್ತೆ, ಇಲ್ಲೇ…"

"ನಿನ್ನ ಬಾಯಿ ಸುಳ್ಳು ಹೇಳುತ್ತೆ, ಸೀಟು ಹೇಳಲ್ಲ. ಕೂತ್ಕೋ ಮಗಳೇ."

ಸೊಸೆ ಮೆಲ್ಲಗೆ ಕೂತಳು. ಕೂರುವಾಗ ಹಲ್ಲು ಕಚ್ಚಿದ್ದು ಸೀಟಕ್ಕನಿಗೆ ಕಂಡಿತು. ಎದ್ದ ಮೇಲೆ ಅಳೆದರೆ, ಎರಡು ತಗ್ಗುಗಳ ನಡುವಿನ ಅಂತರ ತನ್ನದಕ್ಕಿಂತ ಒಂದೂವರೆ ಬೆರಳು ಕಡಿಮೆ. ಅಂದರೆ ಈ ಹುಡುಗಿಯ ಮೂಳೆಗಳು ಎರಡು ತಿಂಗಳಿಂದ ನಡುವಿನ ದಿಣ್ಣೆಯ ಮೇಲೆ ಕೂತಿದ್ದವು.

"ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಪ್ರೀತಿಯಿಂದ ಕೊಟ್ಟಿದ್ದು. ಹೇಗೆ ಹೇಳ್ಲಿ ಅತ್ತೆ?" ಎಂದ ಸೊಸೆ, ಒಮ್ಮೆ ಶುರುವಾದ ಮೇಲೆ ಉಳಿದದ್ದನ್ನೂ ಹೇಳಿದಳು. ಅರ್ಧ ದಾರಿಯಲ್ಲಿ ಕಾಲು ಜೋಮು ಹಿಡಿಯುತ್ತದೆ. ಇಳಿದು ಸೈಕಲ್ ತಳ್ಳಿಕೊಂಡು ನಡೆಯಬೇಕಾಗುತ್ತದೆ. ಎರಡು ಗಂಟೆಗೆ ಮುಗಿಯಬೇಕಾದ ಹದಿನಾಲ್ಕು ಮನೆ ನಾಲ್ಕಾದರೂ ಮುಗಿಯುವುದಿಲ್ಲ. "ಕಾಲಿನ ಗಾಯದ ಮೇಷ್ಟ್ರು ಒಬ್ಬರಿದಾರೆ. ನನಗಿಂತ ಜಾಸ್ತಿ ನೀನೇ ಕುಂಟ್ತೀಯಲ್ಲಮ್ಮ, ನಿನಗೆ ಪಟ್ಟಿ ಕಟ್ಟೋರು ಯಾರು ಅಂದ್ರು. ನಾಳೆ ಕೊನೇ ಅವಕಾಶ ಅಂತ ಹೆಡ್ ನರ್ಸ್ ಹೇಳಿದಾರೆ. ಎರಡು ಗಂಟೆಯೊಳಗೆ ಮುಗಿಸದಿದ್ರೆ ಈ ರೌಂಡ್ಸ್ ಬೇರೆಯವರಿಗೆ. ನನಗೆ ರೆಕಾರ್ಡ್ ರೂಮು." ಅಷ್ಟು ಹೇಳಿ ಅವಳು ಅತ್ತುಬಿಟ್ಟಳು.

ಸೀಟಕ್ಕ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಊರಿಗೆಲ್ಲ ಸೀಟು ಹೊಂದಿಸಿ ಮನೆಯ ಹುಡುಗಿಯ ಅನ್ನಕ್ಕೇ ಕಲ್ಲು ಹಾಕಿದೆನಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

"ತಪ್ಪು ನಂದು. ನಿನ್ನನ್ನ ಅಳೆಯದೆ ಕೊಟ್ಟೆ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡ, "ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಕ್ಯಾಲೆಂಡರಲ್ಲಿ ಗುರುತು ಹಾಕ್ಲಾ?" ಎಂದರು. ಮತ್ತೆ ಸೊಸೆಯ ಕಡೆ ತಿರುಗಿ, "ನಾಳೆ ಒಂದಿನ ನನ್ನ ಸ್ಪಂಜಿನ ಸೀಟು ಹಾಕ್ಕೊಂಡು ಹೋಗಮ್ಮ. ಪರೀಕ್ಷೆ ದಿನ ಹೊಸ ಚರ್ಮದ ಸೀಟು ಯಾರಾದ್ರೂ ಹತ್ತುತ್ತಾರಾ?" ಎಂದರು.

ಸೊಸೆಗೂ ಅದೇ ಸರಿಯೆನಿಸಿತು. ಸೀಟಕ್ಕನಿಗೆ ಮಾತ್ರ ಅಷ್ಟು ಹೊತ್ತಿಗೆ ತನ್ನ ಕಾಲ ಕೆಳಗಿನ ನೆಲ ಮತ್ತೆ ಸಿಕ್ಕಿತ್ತು. ತಪ್ಪಿದ್ದು ಅವಳ ವಿದ್ಯೆಯಲ್ಲ, ವಿದ್ಯೆಯನ್ನು ಮನೆಯ ಹೊಸ್ತಿಲಾಚೆ ಬಿಟ್ಟು ಬಂದದ್ದು.

"ಸ್ಪಂಜು ಐದನೇ ಮನೆಯವರೆಗೆ ಬರುತ್ತೆ. ಇನ್ನೂ ಒಂಬತ್ತು ಮನೆ ಯಾರು ಹೋಗ್ತಾರೆ, ನೀವಾ?" ಎಂದು ಗಂಡನ ಬಾಯಿ ಮುಚ್ಚಿಸಿದಳು. "ನೋಡು ಮಗಳೇ, ಹೊಸ ಸೀಟು ನೋಯಿಸಲ್ಲ ಅಂತ ಹೇಳಲ್ಲ. ನೋಯಿಸುತ್ತೆ. ಆದ್ರೆ ಮೂಳೆ ನೋಯುತ್ತೆ, ನರ ಹಿಡಿಯಲ್ಲ. ಜೋಮು ಹಿಡಿದ ಕಾಲಲ್ಲಿ ತುಳಿಯೋಕಾಗಲ್ಲ, ನೋವಿರೋ ಮೂಳೆ ಮೇಲೆ ಕೂತು ತುಳಿಬಹುದು. ನಂಬ್ತೀಯಾ?"

ಸೊಸೆ ಗೋಡೆಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. "ನಂಬ್ತೀನಿ" ಎಂದಳು. ದನಿಯಲ್ಲಿ ಅಂಥ ನಂಬಿಕೆ ಇರಲಿಲ್ಲ.

ಸೀಟಕ್ಕ ಒಂದೊಂದೇ ಸೀಟನ್ನು ಇಳಿಸಿದಳು. ಅಗಲ ಸರಿಯಿದ್ದದ್ದು ಐದು. ಅವುಗಳ ಅಂಚನ್ನು ನೋಡಿ, ಎಲ್ಲ ಕಡೆ ಒಂದೇ ದಪ್ಪವಿಲ್ಲದ ಎರಡನ್ನು ಬದಿಗಿಟ್ಟಳು. ಉಳಿದ ಮೂರನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದಳು. ಎರಡು ಮಂದವಾಗಿ ಸದ್ದು ಮಾಡಿದವು, ಒಂದು ಬಾಗಿಲು ಬಡಿದ ಹಾಗೆ ಟಕ್ ಎಂದಿತು. ಗಟ್ಟಿ ಚರ್ಮದ ಸದ್ದು ಅದು, ಅದೇ ಆಯಿತು. ಅಡಿಯಲ್ಲಿ ಮೇಣ ಹಚ್ಚಿ, ಸೈಕಲ್ಲಿಗೆ ಕೂರಿಸಿ, ಸೀಟಿನ ಮೇಲೆ ಸ್ಕೇಲು ಮಲಗಿಸಿ ಮಟ್ಟ ನೋಡಿದಳು. ಸೊಸೆಯನ್ನು ಗೋಡೆ ಹಿಡಿದು ಕೂರಿಸಿ, ಪೆಡಲಿನ ಮೇಲೆ ಹಿಮ್ಮಡಿ ಇಡಿಸಿ, ಕಾಲು ನೇರವಾಗುವವರೆಗೆ ಸೀಟನ್ನು ಎತ್ತರಿಸಿದಳು. ಇಷ್ಟಾಗುವಾಗ ಮಧ್ಯಾಹ್ನವಾಗಿತ್ತು. ಸಂಜೆಯವರೆಗೂ ಸೊಸೆ ಬೀದಿಯಲ್ಲಿ ಹೋಗುತ್ತ ಬರುತ್ತ ಇದ್ದಳು.

ಸೋಮವಾರ ಅಂಗಡಿಯಲ್ಲಿ ಸೀಟಕ್ಕ ನೆಟ್ಟಗೆ ಒಂದು ಕೆಲಸವನ್ನೂ ಮಾಡಲಿಲ್ಲ. ಒಬ್ಬರ ರಟ್ಟನ್ನು ಇನ್ನೊಬ್ಬರದೆಂದು ಅಳೆದಳು. ಎರಡು ಗಂಟೆಗೆ ಗಡಿಯಾರದವರ ಅಂಗಡಿಯ ಗಡಿಯಾರಗಳೆಲ್ಲ ಒಂದರ ಹಿಂದೊಂದು ಹೊಡೆದಾಗ ಎದ್ದು ಬಾಗಿಲಿಗೆ ಬಂದಳು. ಬೀದಿ ಖಾಲಿಯಿತ್ತು. ಎರಡೂವರೆಗೆ ಮತ್ತೆ ಬಂದಳು. ಮೂರಕ್ಕೆ ಹತ್ತು ನಿಮಿಷವಿರುವಾಗ ಸೊಸೆ ತಿರುವಿನಲ್ಲಿ ಕಾಣಿಸಿದಳು, ಸೈಕಲ್ ತಳ್ಳಿಕೊಂಡಲ್ಲ, ತುಳಿಯುತ್ತ.

"ಎಷ್ಟಕ್ಕೆ ಮುಗೀತು?"

"ಒಂದೂ ಮುಕ್ಕಾಲಿಗೆ. ಹೆಡ್ ನರ್ಸ್ ಎರಡೆರಡು ಸಲ ಗಡಿಯಾರ ನೋಡಿದ್ರು. ರೌಂಡ್ಸ್ ನಂದೇ ಅತ್ತೆ."

ಸೀಟಕ್ಕ, "ಸೀಟು ಹೇಗಿದೆ?" ಎಂದು ಕೇಳಿದಳು.

"ಚೆನ್ನಾ…" ಎಂದ ಸೊಸೆ ಅಲ್ಲಿಗೇ ನಿಲ್ಲಿಸಿದಳು. "ನೋಯ್ತಿದೆ. ಸಿಕ್ಕಾಪಟ್ಟೆ ನೋಯ್ತಿದೆ. ಎರಡೂ ಮೂಳೆ. ಮತ್ತೆ ಮೂತಿ ಒಂಚೂರು ಮೇಲಾಗಿದೆ, ನೀವು ಮಟ್ಟ ಸರಿಯಾಗಿ ನೋಡಿಲ್ಲ."

ಆ ಅಂಗಡಿಯಲ್ಲಿ ನಿಂತು ಸೀಟಕ್ಕನಿಗೆ ಹೀಗೆ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಅವಳು ಒಳಗೆ ಹೋಗಿ ಸ್ಪ್ಯಾನರ್ ತಂದು ಸೈಕಲ್ಲಿನ ಪಕ್ಕ ಗಿಡ್ಡ ಬೆಂಚನ್ನು ಎಳೆದುಕೊಂಡು ಕೂತಳು.

"ಎಷ್ಟು ಮೇಲಿದೆ, ತೋರ್ಸು. ಇನ್ನೇನೇನು ಸರಿಯಿಲ್ಲ, ಎಲ್ಲ ಹೇಳು."

ಸೊಸೆ ಹೇಳತೊಡಗಿದಳು. ಸೀಟಿನಿಂದ ಶುರುವಾದದ್ದು ಹ್ಯಾಂಡಲ್ಲಿಗೆ ಬಂತು, ಅಲ್ಲಿಂದ ಕೈಗೆಟುಕದ ಅಡುಗೆಮನೆಯ ಕಪಾಟಿಗೆ, ಅಲ್ಲಿಂದ ಅತ್ತೆ ಬೆಳಗಾಗುವ ಮೊದಲೇ ಜೋರಾಗಿ ಹಾಕುವ ರೇಡಿಯೋಗೆ. ಸೀಟಕ್ಕ ಸ್ಪ್ಯಾನರ್ ಕೆಳಗಿಟ್ಟು ಒಂದನ್ನೂ ಬಿಡದೆ ಕೇಳಿಸಿಕೊಂಡಳು. ಅವಳಿಗೆ ತುಂಬ ಸಂತೋಷವಾಗಿತ್ತು.