ಅತ್ತೆಯ ಹೆಸರಿನ ಹಕ್ಕಿಪಾಲು

ಅವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸವೆಲ್ಲ ಒಂದರ ಹಿಂದೊಂದು ಇವತ್ತಿಗೂ ನೆನಪಿದೆ. ದನದ ಮನೆಯ ಸಗಣಿ ಬಳಿದೆ. ಎಮ್ಮೆ ಹಿಂಡಿದೆ. ಒಲೆಯ ಬೂದಿ ತೆಗೆದು ನೀರು ಕಾಯಿಸಿದೆ. ಮೊಸರು ಕಡೆದು ಬೆಣ್ಣೆಯನ್ನು ನೆಲುವಿಗೆ ಏರಿಸಿದೆ. ರೊಟ್ಟಿ ಬಡಿದೆ, ಪುಂಡಿಪಲ್ಯ ಕುದಿಸಿದೆ, ಬುತ್ತಿ ಕಟ್ಟಿದೆ. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆದು ಬರುವಾಗ ಕವಣೆಗೆ ಬೇಕಾಗುವಂಥ ದುಂಡನೆಯ ಕಲ್ಲುಗಳನ್ನು ಬುಟ್ಟಿಗೆ ಆಯ್ದುಕೊಂಡು ಬಂದೆ. ಇಷ್ಟೆಲ್ಲ ಯಾಕೆ ಬರೆಯುತ್ತೇನೆ ಅಂದರೆ, ಅವತ್ತು ನನಗೆ ಜ್ವರವಿರಲಿಲ್ಲ, ಉಪವಾಸವಿರಲಿಲ್ಲ, ತಲೆ ನೆಟ್ಟಗಿತ್ತು ಅನ್ನುವುದು ಓದುವವರಿಗೆ ಗೊತ್ತಿರಲಿ ಅಂತ.

ದೆವ್ವ, ಗಾಳಿ, ಸತ್ತವರ ದನಿ ಇಂಥದ್ದನ್ನೆಲ್ಲ ನಾನು ನಂಬುತ್ತಿದ್ದವಳಲ್ಲ. ಅಕ್ಕಿಆಲೂರಿನ ನನ್ನ ತವರಿನಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಏನನ್ನೋ ಕಂಡೆ ಅಂತ ಬಂದರೆ ನಮ್ಮಪ್ಪ ಕತೆ ಕೇಳುತ್ತಲೇ ಇರಲಿಲ್ಲ. ರಾತ್ರಿ ಉಂಡದ್ದು ಅರಗಿಲ್ಲ, ಒಂದು ಚಿಟಿಕೆ ಅಜವಾನ ತಿಂದು ಮಲಗು ಅಂತ ಕಳಿಸಿಬಿಡುತ್ತಿದ್ದ. ನಾನೂ ಅಪ್ಪನ ಮಗಳೇ.

ಇದು ಐವತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಮಾಸೂರಿನ ಆಚೆ ನಮ್ಮ ಎರೆಹೊಲ, ಹಿಂಗಾರಿ ಜೋಳ. ಕಾಳಿಗೆ ಹಾಲು ತುಂಬುವ ಚಳಿಯ ದಿನಗಳಲ್ಲಿ ಅಟ್ಟದ ಮೇಲೆ ಕೂತು ಹಕ್ಕಿ ಕಾಯುವ ಕೆಲಸ ನನ್ನದು. ಬೇರೆ ಹೆಂಗಸರಿಗೆ ಅದು ಬೇಸರದ ಕೆಲಸ. ನನಗೆ ಹಾಗಲ್ಲ. ಬೆಳಕು ಹರಿಯುವಾಗ ಮದಗದ ಕೆರೆಯ ಕಡೆಯಿಂದ ಹೆಬ್ಬಾತುಗಳು ಸಾಲುಗಟ್ಟಿ, ತಮ್ಮತಮ್ಮಲ್ಲೇ ಮಾತಾಡುತ್ತ ಹೋಗುತ್ತಿದ್ದವು. ಬಿಸಿಲೇರಿದ ಮೇಲೆ ಗಿಡಗವೊಂದು ತೆನೆಗಳ ಮೇಲೆಯೇ ತಗ್ಗಾಗಿ ತೇಲಿಕೊಂಡು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಜೋಳದ ಹಕ್ಕಿಯನ್ನು. ಕರಿ ತಲೆ, ಮಾಸಿದ ಗುಲಾಬಿ ಮೈ. ದೀಪಾವಳಿ ಮುಗಿಯಿತೆಂದರೆ ಎಲ್ಲಿಂದಲೋ ಬಂದು ಮೋಡದಂತೆ ಹೊಲದ ಮೇಲೆ ಇಳಿಯುತ್ತಿತ್ತು. ಒಂದು ಹಿಂಡು ಕೂತೆದ್ದರೆ ತೆನೆಯಲ್ಲಿ ಬರೀ ಹೊಟ್ಟು. ಆದರೂ ಗಿಡಗದ ನೆರಳು ಬಿದ್ದೊಡನೆ ಅಷ್ಟೂ ಹಕ್ಕಿ ಒಂದೇ ಜೀವದ ಹಾಗೆ ಏಳುವುದನ್ನು ನೋಡಲಿಕ್ಕೆ ನಾನು ಎಷ್ಟೋ ಸಲ ಬೀಸುವ ಕವಣೆಯನ್ನು ಹಿಡಿದುಕೊಂಡೇ ನಿಂತುಬಿಡುತ್ತಿದ್ದೆ.

ಈ ಕೆಲಸ ಕಲಿಸಿದವರು ನನ್ನ ಅತ್ತೆ. ಅವರು ಕವಣೆ ಮುಟ್ಟುತ್ತಿರಲಿಲ್ಲ. ಅವರ ಹತ್ತಿರ ಒಂದು ಒಡಕು ತಗಡಿನ ಡಬ್ಬಿ ಇತ್ತು. ಎರಡು ಪೆಟ್ಟು, ಒಂದಿಷ್ಟು ತಡ, ಆಮೇಲೆ ಒಂದು ಪೆಟ್ಟು. ಅದರ ಹಿಂದೆಯೇ, ಮಕ್ಕಳನ್ನು ಊಟದಿಂದ ಎಬ್ಬಿಸುವ ಹಾಗೆ, “ಉಂಡಿದ್ದು ಸಾಕು, ಏಳ್ರೋ ಇನ್ನ” ಅಂತ ಒಂದು ಕೂಗು. ಸಿಟ್ಟಿಲ್ಲದ ದನಿ. ಹಕ್ಕಿ ಏಳುತ್ತಿತ್ತು. ನಾನು ಅದೇ ಡಬ್ಬಿ ಬಡಿದು ಅದೇ ಮಾತು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅತ್ತೆ ನಮ್ಮ ಮನೆಯಲ್ಲೇ ತೀರಿಕೊಂಡರು; ಅಣ್ಣತಮ್ಮಂದಿರ ಒಲೆ ಮೊದಲೇ ಬೇರೆಯಾಗಿತ್ತು. ಮಳೆಗಾಲಕ್ಕೆ ಮೊದಲೇ ನಮ್ಮವರೂ ಅವರ ಅಣ್ಣನೂ, ಅಂದರೆ ನನ್ನ ಭಾವ, ಹೊಲದಲ್ಲೂ ಬೇರೆಯಾದರು. ಹೊಲವನ್ನು ನಡುವಿನ ಬೇವಿನ ಮರಕ್ಕೆ ಗುರಿಯಿಟ್ಟು ವಾಟ್ನಿ ಮಾಡಿ ಎರಡು ಪಾಲು ಮಾಡಿದರು. ನಮ್ಮ ಮನೆತನದಲ್ಲಿ ಒಂದು ರೂಢಿಯುಂಟು. ಹಕ್ಕಿ ಕಾಯ್ದ ಜೀವ ಹೋದರೆ ಆ ವರ್ಷದ ಜೋಳದಲ್ಲಿ ಅವರ ಹೆಸರಿಗೆ ಎರಡು ಸಾಲು ಬಿಡಬೇಕು. ಅದನ್ನು ಕಾಯುವಂತಿಲ್ಲ, ಕೊಯ್ಯುವಂತಿಲ್ಲ, ಅದು ಹಕ್ಕಿಯ ಪಾಲು. ತಮ್ಮ ಹೆಸರಿನದು ಬೇವಿನ ಬುಡದಲ್ಲೇ ಇರಲಿ ಅಂತ ಅತ್ತೆ ಬದುಕಿದ್ದಾಗಲೇ ಹೇಳಿದ್ದರು. ಈಗ ಆ ಬೇವು ಬದುವಿನ ಮೇಲೆ ಬಂದಿತ್ತು. ಅವ್ವ ಸತ್ತದ್ದು ತಮ್ಮನ ಮನೆಯಲ್ಲಿ, ಅವನೇ ಬಿಡುತ್ತಾನೆ ಅಂತ ಭಾವ ತಿಳಿದರು. ಹಿರಿಯ ಮಗ ಅಣ್ಣ, ಅವನೇ ಬಿಡಬೇಕು ಅಂತ ನಮ್ಮವರು. ಒಬ್ಬರನ್ನೊಬ್ಬರು ಕೇಳಲಿಲ್ಲ. ಅತ್ತೆಯ ಬಂಗಾರದ ತಕರಾರಿಗೆ ಮಾತೇ ಬಿಟ್ಟಿದ್ದರಲ್ಲ. ಹೀಗಾಗಿ ಸಾಲು ಯಾರೂ ಬಿಡಲಿಲ್ಲ, ಬೇವಿನ ಎರಡೂ ಮಗ್ಗಲು ಕಾವಲು ಬಿತ್ತು.

ಮಾತು ಬಿಟ್ಟರೂ ಜಗಳ ಬಿಟ್ಟಿರಲಿಲ್ಲ. ಹಕ್ಕಿ ಕಾಯುವುದರಲ್ಲಿ ಒಂದು ಕೆಟ್ಟತನವಿದೆ: ನಾವು ಎಬ್ಬಿಸಿದ ಹಿಂಡು ನೆರೆಯವರ ಹೊಲಕ್ಕೆ ಇಳಿಯುತ್ತದೆ. ಅಣ್ಣತಮ್ಮಂದಿರು ಬೇಕಂತಲೇ ಹಿಂಡನ್ನು ಒಬ್ಬರ ಮೇಲೊಬ್ಬರು ಅಟ್ಟತೊಡಗಿದರು. ಕಲ್ಲುಗಳೂ ಬದು ದಾಟತೊಡಗಿದವು.

ಅವತ್ತು ಮಧ್ಯಾಹ್ನ ಬುತ್ತಿ ಉಂಡು ನಾನು ಅಟ್ಟದ ಮೇಲಿದ್ದೆ. ನಮ್ಮವರು ಕೆಳಗೆ ಎತ್ತಿಗೆ ಹುಲ್ಲು ಕೊಯ್ಯುತ್ತಿದ್ದರು. ಆಚೆ ಭಾವನ ಅಟ್ಟ ಖಾಲಿ. ಅವರ ಹೆಂಡತಿ, ನನ್ನ ನೆಗೆಣ್ಣಿ ಗಂಗಕ್ಕ, ಕೂಸಿಗೆ ಮೈಯಲ್ಲಿ ಸರಿಯಿಲ್ಲ ಅಂತ ಮನೆಯಲ್ಲೇ ಉಳಿದಿದ್ದಳು. ಭಾವ ಕವಣೆ ಹಿಡಿದು ಬದುವಿನ ಮೇಲೆ ಓಡಾಡುತ್ತಿದ್ದರು. ಊರಿನ ಉಳಿದವರು ಸಂತೆಗೆ ಹೋಗಿದ್ದರಿಂದ ಸುತ್ತಲ ಹೊಲಗಳಲ್ಲಿ ನರಪಿಳ್ಳೆ ಇರಲಿಲ್ಲ.

ಹಿಂಡು ಬಂತು. ಒಂದು ಸುತ್ತು ಹಾಕಿ ಬೇವಿನ ಬುಡದಲ್ಲಿ, ಬದುವಿನ ಎರಡೂ ಮಗ್ಗಲಿಗೆ, ತೆನೆ ಕಾಣದಷ್ಟು ದಟ್ಟವಾಗಿ ಕೂತಿತು. ನಾನು ಕವಣೆ ಬೀಸಿದೆ. ಏಳಲಿಲ್ಲ. ಭಾವನೂ ಬೀಸಿದರು. ಕಲ್ಲು ಬಿದ್ದ ಕಡೆ ಒಂದೆರಡು ಹಕ್ಕಿ ಉರುಳಿದವು, ಮಗ್ಗಲಲ್ಲಿದ್ದವು ತಲೆಯೆತ್ತದೆ ತಿನ್ನುತ್ತಲೇ ಇದ್ದವು. ಅಷ್ಟರಲ್ಲಿ ಗಿಡಗ ಬಂತು. ಅದರ ನೆರಳು ಆ ಹಿಂಡಿನ ಮೇಲೆ ಹಾದುಹೋದದ್ದನ್ನು ಕಣ್ಣಾರೆ ನೋಡಿದೆ. ಆಗಲೂ ಒಂದೂ ಏಳಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಆಗ.

ಭಾವ ಕೋಲು ಹಿಡಿದು ಜೋಳದೊಳಗೆ ನುಗ್ಗಿದರು. ಈ ಕಡೆಯಿಂದ ನಮ್ಮವರು ಕೈಯಲ್ಲಿದ್ದ ಕುಡಗೋಲಿನ ಸಮೇತ ನುಗ್ಗಿದರು. ಬಡಿದರು, ಕಡಿದರು, ತುಳಿದರು. ಪುಕ್ಕ ಗಾಳಿಗೆ ಏಳುತ್ತಿತ್ತು, ದಂಟಿಗೆಲ್ಲ ರಕ್ತ. ಸಾಯುವ ಹಕ್ಕಿಯೂ ಚೀರಲಿಲ್ಲ. ಕಾಳು ಒಡೆಯುವ ಸಪ್ಪಳವೊಂದೇ ಕೇಳುತ್ತಿತ್ತು. ಬಡಿಯುತ್ತ ಬಡಿಯುತ್ತ ಇಬ್ಬರೂ ಬೇವಿನ ಬುಡದಲ್ಲಿ ಎದುರುಬದುರಾದರು. ಮೈಮೇಲೆ ಖಬರಿರಲಿಲ್ಲ ಇಬ್ಬರಿಗೂ.

ಭಾವ ಅಂದರು, “ಏನ್ ತಮ್ಮಾ, ಹಕ್ಕೀನೂ ವಾಟ್ನಿ ಮಾಡಾಕ ಬಂದಿ ಏನ?”

“ಅವ್ವನ ಸಾಲು ಬಿಡಲಾರದಾಂವ ನೀ ಎಂಥಾ ಹಿರೇಮಗ?” ಅಂದರು ನಮ್ಮವರು.

“ಮನ್ಯಾಗ ಇಟ್ಕೊಂಡು ಆಕಿ ಬಂಗಾರ ನುಂಗಿದಾಂವ ನೀನು. ಸಾಲು ನೀ ಬಿಡು.”

ಆ ಮಾತಿಗೆ ಕುಡಗೋಲು ಎದ್ದಿತು. ತಲೆಗೆ ಬೀಳುವ ಪೆಟ್ಟು. ಭಾವ ಎಡಗೈ ಅಡ್ಡ ಹಿಡಿದದ್ದಕ್ಕೆ ಅಂಗೈಗೆ ಬಿತ್ತು. ಅವರು ಸತ್ತ ಹಕ್ಕಿಗಳ ಮೇಲೆಯೇ ಅಂಗಾತ ಬಿದ್ದರು. ನಮ್ಮವರು ಅವರ ಎದೆಯ ಮೇಲೆ ಮೊಣಕಾಲೂರಿ ಮತ್ತೆ ಕೈ ಎತ್ತಿದರು. ಈ ಪೆಟ್ಟಿಗೆ ಭಾವ ಉಳಿಯುವುದಿಲ್ಲ, ಇವರಿಗೆ ಗಲ್ಲು ತಪ್ಪುವುದಿಲ್ಲ ಅನ್ನುವುದು ನನಗೆ ಅಟ್ಟದ ಮೇಲಿಂದ ಅಷ್ಟು ನಿಚ್ಚಳವಾಗಿ ಕಂಡಿತು. ನಾನು ಅಟ್ಟದ ಗಳ ಹಿಡಿದು ಎದ್ದು ನಿಂತೆ.

ಆಗ ಡಬ್ಬಿ ಬಾರಿಸಿತು. ಎರಡು ಪೆಟ್ಟು, ಒಂದಿಷ್ಟು ತಡ, ಒಂದು ಪೆಟ್ಟು. ಹಿಂದೆಯೇ ದನಿ.

“ಉಂಡಿದ್ದು ಸಾಕು, ಏಳ್ರೋ ಇನ್ನ.”

ಹಿಂಡು ಎದ್ದಿತು. ಅಷ್ಟೂ ಹಕ್ಕಿ ಒಂದೇ ಸಲಕ್ಕೆ, ಇಬ್ಬರ ಮೈ ಮುಖದ ಮೇಲಿಂದಲೇ. ಒಂದು ಗಳಿಗೆ ನನಗೆ ಅವರಿಬ್ಬರೂ ಕಾಣಲಿಲ್ಲ, ರೆಕ್ಕೆಗಳಷ್ಟೇ ಕಂಡವು. ಮತ್ತೆ ಕಂಡಾಗ ನಮ್ಮವರು ಕುಡಗೋಲು ಬಿಟ್ಟು ದೂರ ಕೂತಿದ್ದರು. ಹಣೆ ಕೆನ್ನೆಯ ತುಂಬ ಉಗುರು ಗೀರಿದ ಗಾಯ. ಹಿಂಡು ಮದಗದ ಕೆರೆಯ ಕಡೆ ಹೋಗಿ ಕರಗಿತು. ಆ ಚಳಿಗಾಲ ಮತ್ತೆ ನಮ್ಮ ಹೊಲಕ್ಕೆ ಬರಲಿಲ್ಲ.

ಭಾವನ ಕೈಗೆ ನನ್ನ ಸೆರಗು ಹರಿದು ಕಟ್ಟಿ, ಗಾಡಿಯಲ್ಲಿ ಮಲಗಿಸಿ, ನಮ್ಮವರೇ ಎತ್ತು ಹೊಡೆದುಕೊಂಡು ನಮ್ಮ ಮನೆಗೆ ತಂದರು. ನಾನು ಒಳಗೆ ಹೋದವಳೇ ಮೊದಲು ನೋಡಿದ್ದು ಕಾಳಿನ ಕಣಜದ ಹಿಂದಿನ ಗೂಟವನ್ನು. ಅತ್ತೆ ಹೋದಾಗ ಡಬ್ಬಿಯನ್ನು ನಾನೇ ಅಲ್ಲಿ ತೂಗುಹಾಕಿದ್ದೆ. ಅಲ್ಲೇ ಇತ್ತು. ಅದರ ಬಾಯಿಗೆ ಜೇಡ ಕಟ್ಟಿದ ಬಲೆ ಒಂದೆಳೆಯೂ ಹರಿದಿರಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಸುತ್ತಲಿನ ಹೊಲದವರನ್ನೆಲ್ಲ ವಿಚಾರಿಸಿದೆ, ಎಲ್ಲರೂ ಸಂತೆಯಲ್ಲಿದ್ದರು. ಕಾಳಿಗೆ ಹುಳಿ ಬಂದು ಹಕ್ಕಿಗೆ ಅಮಲೇರಿರಬೇಕು, ಅದಕ್ಕೇ ಎದ್ದಿಲ್ಲ ಅಂತ ಹಿರಿಯರೊಬ್ಬರು ಅಂದರು. ಇರಬಹುದು. ಹಾಗಿದ್ದರೆ ಆಮೇಲೆ ಹೇಗೆ ಎದ್ದವು? ಭಾವ ತಮಗೆ ಡಬ್ಬಿಯ ಸಪ್ಪಳವಷ್ಟೇ ಕೇಳಿಸಿತು, ಮಾತು ಕೇಳಲಿಲ್ಲ ಅನ್ನುತ್ತಿದ್ದರು. ಒದರಿದ್ದು ನೀನೇ ಇರಬೇಕು, ನಿನಗೇ ಗೊತ್ತಾಗಿಲ್ಲ ಅಂತಲೂ ಅಂದರು. ಅದನ್ನೂ ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ದನಿಗೆ ಹಕ್ಕಿ ಎಂದೂ ಎದ್ದದ್ದಿಲ್ಲ. ನಮ್ಮವರನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಮುಂದಿನ ವರ್ಷದಿಂದ ಬೇವಿನ ಈ ಮಗ್ಗಲಿಗೆ ಎರಡು ಸಾಲು, ಆ ಮಗ್ಗಲಿಗೆ ಎರಡು ಸಾಲು ಬಿಡತೊಡಗಿದರು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಭಾವನ ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಅವತ್ತು ಸಂಜೆ ಕೂಸನ್ನು ಎತ್ತಿಕೊಂಡು ಬಂದು ನಮ್ಮ ಒಲೆ ಹಚ್ಚಿದ್ದು ಗಂಗಕ್ಕ. ಬೆಳಗಾದರೆ ಹಿರೇಕೆರೂರಿನ ಡಾಕ್ಟರರ ಹತ್ತಿರ ಹೋಗುವುದೆಂದು ಗಾಯಕ್ಕೆ ಅರಿಷಿಣ ತುಂಬಿದ್ದೆವು. ಗಂಗಕ್ಕ ನನ್ನ ಮುಖ ನೋಡಲಿಲ್ಲ, ನಮ್ಮವರ ಮುಖವನ್ನಂತೂ ನೋಡಲೇ ಇಲ್ಲ. ಆದರೂ ನುಚ್ಚು ಎಲ್ಲರಿಗೂ ಆಗುವಷ್ಟು ಕುದಿಸಿದಳು. ರಕ್ತ ಹೋಗಿ ಸೋತಿದ್ದ ಭಾವನ ತುತ್ತು ಬಾಯಿ ಮುಟ್ಟುವ ಮೊದಲೇ ಚೆಲ್ಲುತ್ತಿತ್ತು. ನಮ್ಮವರು ಹತ್ತಿರ ಸರಿದು, ನುಚ್ಚಿಗೆ ಮಜ್ಜಿಗೆ ಹಾಕಿ ಕಲಸಿ, ಅವರ ಬಾಯಿಗಿಟ್ಟರು. ಭಾವ ಬಾಯಿ ತೆರೆಯಲು ಬಹಳ ಹೊತ್ತು ತೆಗೆದುಕೊಂಡರು. ಕೆಲವು ತುತ್ತು ಆದ ಮೇಲೆ “ಸಾಕು” ಅಂದರು. ನಮ್ಮವರ ಕೈ ಗಂಗಾಳದಲ್ಲೇ ನಿಂತಿತು. ನಾವು ಹೆಂಗಸರು ಉಳಿದದ್ದನ್ನು ಉಪ್ಪಿನಕಾಯಿ ನೆಂಚಿಕೊಂಡು ಉಂಡೆವು. ಮೊದಲು ನಿದ್ದೆ ಹೋದವರು ಭಾವ, ತಮ್ಮನ ತೊಡೆಯ ಮೇಲೆ ತಲೆಯಿಟ್ಟು.